ತಟ್ಟೆಯಣ್ಣನ ದುಂಡು ಚೀಟಿ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸಿನಿಮಾ ಸೀಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಸೀಡಿಯನ್ನು ತಟ್ಟೆ ಅನ್ನುತ್ತಿದ್ದ ಗಲ್ಲಿಯವರ ಬಾಯಲ್ಲಿ ಮಾತ್ರ ಅವನು ತಟ್ಟೆಯಣ್ಣ. ಒಂದು ಕಾಲಕ್ಕೆ ಶನಿವಾರ ಸಂಜೆ ಆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಯಾರ ಮನೆಗೆ ಅಳುವ ಸಿನಿಮಾ ಹೋಗುತ್ತದೆ, ಯಾರ ಮನೆಗೆ ಹೊಡೆದಾಟದ್ದು, ಗಂಡ ಊರಲ್ಲಿಲ್ಲದಾಗ ಯಾರು ಏನು ಒಯ್ಯುತ್ತಾರೆ, ಎಲ್ಲ ಅವನ ಹೊಟ್ಟೆಯೊಳಗಿತ್ತು. ಒಂದು ಮಾತೂ ಹೊರಗೆ ಬರುತ್ತಿರಲಿಲ್ಲ.

ಆ ಭರಾಟೆಯಲ್ಲೇ ಒಂದು ಕಾಟವೂ ಶುರುವಾಯಿತು. ಜನ ಅವನ ಹೊಸ ಸೀಡಿಯನ್ನು ಇಟ್ಟುಕೊಂಡು, ತಮ್ಮ ಮನೆಯ ಗೀರು ಬಿದ್ದದ್ದನ್ನು ಕವರಿಗೆ ತುರುಕಿ ವಾಪಸು ಕೊಡುವರು. ಕೇಳಿದರೆ, ನೀವು ಕೊಟ್ಟದ್ದೇ ಇದು ಅಂತ ಇವನ ಮೇಲೇ ಎಗರುವರು. ಅದಕ್ಕೆ ಅವನು ಹಳದಿ ಕಾಗದವನ್ನು ದುಂಡಗೆ ಕತ್ತರಿಸಿ, ಅಂಗಡಿಯ ಹೆಸರು ಬರೆದು, ಪ್ರತಿ ಸೀಡಿಯ ನೆತ್ತಿಗೂ ಅಂಟಿಸತೊಡಗಿದ. ಸಾಧಾರಣ ಅಂಟಾದರೆ ಕಿತ್ತುಬಿಡುತ್ತಾರೆ ಅಂತ ಚಪ್ಪಲಿ ಹೊಲಿಯುವವನನ್ನು ಕೇಳಿ ಅವನ ಗಟ್ಟಿ ಅಂಟನ್ನೇ ತಂದ. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವನು ಅಂಟು ಸವರುವನು, ಹೆಂಡತಿ ಚೀಟಿಯಿಟ್ಟು ಹೆಬ್ಬೆರಳಲ್ಲಿ ಒತ್ತುವಳು. ಕೆಳಗಿನ ಹೊಳೆಯುವ ಬದಿಗೆ ಬೆರಳು ತಾಗಿಸಬೇಡ, ಸಿನಿಮಾದ ಜೀವ ಇರುವುದೇ ಅಲ್ಲಿ ಅಂತ ಅವನ ತಾಕೀತು. ಅವಳು ಎಳೆಗೂಸನ್ನು ಎತ್ತುವ ಹಾಗೆ ಅಂಚಿನಲ್ಲೇ ಹಿಡಿಯುತ್ತಿದ್ದಳು.

ಆಮೇಲೆ ಮನೆಮನೆಗೆ ಇಂಟರ್‌ನೆಟ್ ಬಂತು. ತಂತಿ ಎಳೆಯುವ ಕೆಲಸ ಮಾಡುತ್ತಿದ್ದವನು ಬೇರೆ ಯಾರೂ ಅಲ್ಲ, ಅವನ ಭಾಮೈದನೇ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಒಳ್ಳೆಯ ಸಂಕೋಚಸ್ಥರು ಅಂಗಡಿಯ ಮುಂದೆ ಹಾಯುವಾಗ ಮುಖ ತಪ್ಪಿಸಿ ಆಚೆ ಬದಿಯಲ್ಲಿ ನಡೆದರು. ಅಂಗಡಿಯ ಮಾಲೀಕರು ಬಂದು, ತಿಂಗಳ ಕೊನೆಯೊಳಗೆ ಒಂದು ಮಾತು ಹೇಳಿಬಿಡಪ್ಪ, ಉಳಿಯುತ್ತೀಯೋ ಬಿಡುತ್ತೀಯೋ ಅಂತ ಕೇಳಿ ಹೋದರು.

ಭಾಮೈದ ಅವತ್ತೇ ಬಂದ. "ಭಾವ, ಖಾಲಿ ತಟ್ಟೆ ಎಷ್ಟು ದಿನ ಅಂತ ಒರೆಸ್ತೀರಿ? ನನ್ನ ಜೊತೆ ಬನ್ನಿ. ಈ ಊರಲ್ಲಿ ನಿಮಗೆ ಗೊತ್ತಿಲ್ಲದ ಬಾಗಿಲೇ ಇಲ್ಲ."

"ನೀನು ಕೊಡೋದು ನೋಡೋಕೆ ಅಷ್ಟೇ ಕಣೋ, ಇಟ್ಕೊಳ್ಳೋಕಲ್ಲ," ಅಂದ ತಟ್ಟೆಯಣ್ಣ. "ಯಾವನೋ ಎಲ್ಲೋ ಕೂತು ಬೇಡ ಅಂದ್ರೆ ಮಾರನೇ ದಿನ ಆ ಸಿನಿಮಾ ಇರಲ್ಲ. ಅವತ್ತು ಎಲ್ರೂ ಇಲ್ಲಿಗೇ ಬರ್ಬೇಕು."

ಅಟ್ಟದ ಮೇಲೆ, ತಗಡಿನ ಮಾಡಿನ ಕೆಳಗೆ, ಕಬ್ಬಿಣದ ಪೆಟ್ಟಿಗೆಗಳಲ್ಲಿ ಹಳೆಯ ಸಿನಿಮಾಗಳೆಲ್ಲ ಇದ್ದವು. ಆ ಪೆಟ್ಟಿಗೆಗಳಿರುವತನಕ ಅಂಗಡಿ ಬಿಡುವ ಮಾತಿಲ್ಲ ಅಂತ ಅವನು ಕಡ್ಡಿ ಮುರಿದ ಹಾಗೆ ಹೇಳಿದ. ಹೆಂಡತಿ ತಮ್ಮನ ಮುಖವನ್ನೂ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ.

ಅವನು ಅಂದದ್ದು ಸುಳ್ಳಾಗಲಿಲ್ಲ. ತಿಂಗಳು ಮುಗಿಯುವ ಮೊದಲೇ ನಿವೃತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಅವರ ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಮಾತು ನಿಂತಿತ್ತು. ಒಂದು ಹಳೆಯ ಹಾಸ್ಯದ ಸಿನಿಮಾ ಹಾಕಿದರೆ ಮಾತ್ರ ನಗುತ್ತಿದ್ದರಂತೆ. ಮಗಳು ಅದನ್ನು ಟೀವಿಯಲ್ಲೇ ಬರುವಂತೆ ಮಾಡಿಕೊಟ್ಟಿದ್ದಳು. ಹೋದ ವಾರದಿಂದ ಅದು ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

"ನಿನ್ನ ಹತ್ರ ಇರುತ್ತೆ ಅಂತ ಬಂದೆನಪ್ಪ."

ತಟ್ಟೆಯಣ್ಣ ಹೆಂಡತಿಯತ್ತ ತಿರುಗಿ ನೋಡಿದ ನೋಟವನ್ನು ಅವಳು ಮದುವೆಯಾದ ಹೊಸದರಲ್ಲಿ ಕಂಡಿದ್ದಳು, ಆಮೇಲೆ ಕಂಡಿರಲಿಲ್ಲ. ಅವನು ಮೇಷ್ಟ್ರನ್ನು ಕೂರಿಸಿ ಅಟ್ಟ ಹತ್ತಿದ. ಯಾವ ಪೆಟ್ಟಿಗೆ, ಯಾವ ಸಾಲು, ಹುಡುಕುವ ಕೆಲಸವೇ ಇರಲಿಲ್ಲ. ಕೆಳಗಿಳಿದು ಹೊಳೆಯುವ ಬದಿಯನ್ನು ನೋಡಿದ. ಒಂದು ಗೀರಿಲ್ಲ. ಪ್ಲೇಯರಿಗೆ ಹಾಕಿದ.

ಪ್ಲೇಯರು ಕರ್ ಕರ್ ಅಂದು ಉಗುಳಿತು. ಒರೆಸಿ ಹಾಕಿದ. ಮತ್ತೆ ಉಗುಳಿತು.

ಚೀಟಿಯ ಅಂಚು ಎದ್ದು ತಡೆಯುತ್ತಿರಬೇಕು ಅಂತ ಅವನು ಉಗುರು ಕೊಟ್ಟು ಮೆಲ್ಲಗೆ ಎಳೆದ. ಚೀಟಿ ಬಂತು. ಅದರ ಬೆನ್ನಿಗೆ ಅಂಟಿಕೊಂಡು ಸೀಡಿಯ ಬೆಳ್ಳಿ ಬಣ್ಣವೂ ಸುಟ್ಟ ಗಾಯದ ಸಿಪ್ಪೆಯ ಹಾಗೆ ಸುಲಿದು ಬಂತು. ಉಳಿದದ್ದು ಬರೀ ಗಾಜಿನಂಥ ಪ್ಲಾಸ್ಟಿಕ್ಕು. ಅದರೊಳಗಿಂದ ಅವನ ಬೆರಳೇ ಅವನಿಗೆ ಕಂಡಿತು. ಸಿನಿಮಾ ಇದ್ದದ್ದು ಕೆಳಗಿನ ಬದಿಯಲ್ಲಲ್ಲ, ನೆತ್ತಿಯಲ್ಲಿ, ಚೀಟಿಯ ಅಡಿಯಲ್ಲೇ. ತಗಡಿನ ಕಾವಿಗೆ ಅಂಟು ಅದನ್ನು ವರ್ಷವರ್ಷವೂ ತಿಂದಿತ್ತು.

ಅವನು ಪೆಟ್ಟಿಗೆಯನ್ನೇ ಕೆಳಗಿಳಿಸಿದ. ಒಂದೊಂದನ್ನೂ ತೆಗೆದು ಬೆಳಕಿಗೆ ಹಿಡಿದ. ಜರಡಿಯಲ್ಲಿ ಬಂದ ಹಾಗೆ ಬೆಳಕು ಈಚೆ ಬಂತು. ಇನ್ನೊಂದು ಪೆಟ್ಟಿಗೆ ತೆರೆದ. ಅದರಲ್ಲೂ ಅದೇ ಗತಿ. ಮೇಷ್ಟ್ರು ಎಷ್ಟೋ ಹೊತ್ತು ಕೂತಿದ್ದು, ಇರಲಿ ಬಿಡಪ್ಪ, ಅವಳಿಗೆ ಏನಾದರೂ ಹೇಳುತ್ತೇನೆ ಅಂತ ಎದ್ದರು. ಇಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದರು.

"ಒತ್ತಿ ಒತ್ತಿ ಅಂಟಿಸಿದವಳು ನಾನೇ," ಅಂದಳು ಹೆಂಡತಿ.

"ಹೇಳಿದ್ದು ನಾನು." ಅವನ ಕೈಯಲ್ಲಿ ಇನ್ನೂ ಒಂದಿತ್ತು. ಅದನ್ನು ಬೆಳಕಿಗೆ ಹಿಡಿಯಲಿಲ್ಲ. "ನಿನ್ನ ತಮ್ಮನ್ನ ಕೇಳು, ಬೆಳಿಗ್ಗೆ ಎಷ್ಟೊತ್ತಿಗೆ ಬರ್ಬೇಕು ಅಂತ."

ಭಾಮೈದ ತಮಾಷೆ ಮಾಡಲಿಲ್ಲ. ತನ್ನ ಹಳೆಯ ಚೀಲವನ್ನೇ ಭಾವನ ಹೆಗಲಿಗೆ ಹಾಕಿದ.

ಈಗ ತಟ್ಟೆಯಣ್ಣ ಮನೆಮನೆಯ ಗೋಡೆಗೆ ತೂತು ಕೊರೆಯುತ್ತಾನೆ. ತಂತಿ ಸಿಕ್ಕಿಸಿದ ಮೇಲೆ ಟೀವಿಯಲ್ಲಿ ಚಿತ್ರ ಬರುವತನಕ ನಿಂತು ನೋಡಿಯೇ ಹೊರಡಬೇಕು, ಅದು ಕೆಲಸದ ನಿಯಮ. ಮನೆಯವರು ಬೇಕಾದ ಸಿನಿಮಾ ಒತ್ತುತ್ತಾರೆ. ಗೀರಿಲ್ಲ, ತಡವರಿಕೆಯಿಲ್ಲ. ಚೆನ್ನಾಗಿ ಬರ್ತಾ ಇದೆಯಾ ಅಂತ ಅವರು ಇವನನ್ನೇ ಕೇಳುತ್ತಾರೆ.

ಚೆನ್ನಾಗಿ ಬರ್ತಿದೆ ಅನ್ನುತ್ತಾನೆ. ನಾಳೆ ಅದು ಇಲ್ಲವಾದರೆ ಯಾರ ಹತ್ತಿರ ಹೋಗಬೇಕು ಅಂತ ಅವರು ಕೇಳುವುದಿಲ್ಲ. ಅವನು ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೊರಡುತ್ತಾನೆ.