ಎತ್ತು ಎಂಬ ಮಾತು

ಯಜಮಾನರ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಬರೆದರೆ ದೋಷವಿಲ್ಲ ಅಂದುಕೊಂಡಿದ್ದೇನೆ. ಸಿದ್ದರಾಜು. ಕೆಸರೆಯವರು. ಹನ್ನೆರಡಕ್ಕೆ ನೇಗಿಲು ಹಿಡಿದವರು ಮೂವತ್ತಕ್ಕೆ ಬಿಟ್ಟರು. ಐವತ್ತಾರನೇ ಇಸವಿಯಲ್ಲಿ ದನಗಳಿಗೆ ದೊಡ್ಡರೋಗ ಬಂದು ಬೆಳ್ಳ, ಕರಿಯ ಎರಡೂ ಎತ್ತುಗಳು ನಾಲ್ಕು ದಿನದ ಅಂತರದಲ್ಲಿ ಹೋದವು. ಬೇರೆ ಜೋಡಿ ಕಟ್ಟು ಅಂತ ಅತ್ತೆ ಅಂದರೆ, "ಬ್ಯಾಡ ಕಣವ್ವ" ಅಂದವರೇ ಹೊಲವನ್ನು ಗುತ್ತಿಗೆಗೆ ಬಿಟ್ಟು ಬನ್ನಿಮಂಟಪದ ಒಂದು ವರ್ಕ್‌ಷಾಪಿಗೆ ಸೇರಿಕೊಂಡರು.

ಅಲ್ಲಿ ಎರಡು ವರ್ಷ ಕಬ್ಬಿಣ ಹೊರುವ ಕೆಲಸ. ಬಲಭುಜ ಗಂಟು ಕಟ್ಟಿದೆ. ಮಗುವನ್ನು ಆ ಕಡೆ ಹಾಕಿಕೊಳ್ಳಲಾರರು. ದಿನಾ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತೇನೆ. ಹೋದ ತಿಂಗಳು ಲೇತ್, ಅಂದರೆ ಕಬ್ಬಿಣದ ಸರಳು ತಿರುಗಿಸಿ ಕೊರೆಯುವ ಮಿಷನ್ನು, ನಡೆಸುವವನು ಕೆಲಸ ಬಿಟ್ಟಾಗ ಮೇಸ್ತ್ರಿ ಶಿವಲಿಂಗಯ್ಯನವರೇ ಇವರನ್ನು ಕರೆದರು.

"ಹತ್ತು ದಿನ ಕಲ್ತ್ಕೊ. ಶನಿವಾರ ಒಂದು ಬೋಲ್ಟಿಗೆ ತ್ರೆಡ್ಡು ಹಾಕಿ ತೋರ್ಸು. ನಟ್ಟು ಕೈಯಲ್ಲೇ ಕೊನೇತನಕ ಹತ್ತಿದ್ರೆ ಲೇತು ನಿಂದು. ಇಲ್ದಿದ್ರೆ ಸೋಮವಾರ ಬೇರೆಯವನು ಬರ್ತಾನೆ, ನೀನು ಹೊರೋದೇಯ."

ಮನೆಗೆ ಬಂದು ಲಟ್ಟಣಿಗೆ ಹಿಡಿದು ನನಗೆ ವಿವರಿಸಿದರು. ತಿರುಗುವ ಸರಳಿನ ಮೇಲೆ ಟೂಲು, ಅಂದರೆ ಮಿಷನ್ನಿನ ಉಳಿ, ಸಣ್ಣ ಸಾಲು ಕೊರೆಯುತ್ತ ಹೋಗುತ್ತದೆ; ನಟ್ಟು ಹತ್ತುವ ಆ ಸಾಲೇ ತ್ರೆಡ್ಡು. ಕೊನೆ ಮುಟ್ಟಿದ ತಕ್ಷಣ ಟೂಲನ್ನು ಸರಳಿನಿಂದ ಬಿಡಿಸಿ, ಮಿಷನ್ನು ಹಿಮ್ಮುಖ ತಿರುಗಿಸಿ, ಬರಿದೇ ವಾಪಸ್ಸು ತರಬೇಕು. ಆಮೇಲೆ ಅದೇ ಸಾಲಿನಲ್ಲಿ ಕೂದಲೆಳೆಯಷ್ಟು ಆಳಕ್ಕೆ ಮತ್ತೆ ಕೊರೆಯಬೇಕು.

ಇವರು ಎಡವಿದ್ದು ವಾಪಸ್ಸು ಬರುವಲ್ಲಿ. ಉಳುವವನು ಹೊಲದ ಅಂಚಿನಲ್ಲಿ ತಿರುಗಿ, ಬರುವಾಗಲೂ ಉತ್ತುಕೊಂಡೇ ಬರುತ್ತಾನೆ; ಬರಿದೇ ಬರುವುದುಂಟೆ? ಟೂಲು ಬಿಡಿಸದೆ ಹಿಮ್ಮುಖ ತಿರುಗಿಸಿಬಿಡುತ್ತಿದ್ದರು. ಹಳೇ ಸಾಲಿನ ಪಕ್ಕ ಇನ್ನೊಂದು ಗೀರು ಬಿದ್ದು ತ್ರೆಡ್ಡು ಕೆಡುತ್ತಿತ್ತು. "ಟೂಲ್ ಎತ್ತೋ!" ಎಂದು ಕೂಗಿ ಕೂಗಿ ಮೇಸ್ತ್ರಿಗೆ ಗಂಟಲು ಕಟ್ಟಿತು.

ಉಪಾಯ ಹೇಳಿದವಳು ನಾನೇ. "ಕೊನೆ ಬಂದ ಕೂಡ್ಲೆ ಬಾಯ್ಬಿಟ್ಟು 'ಎತ್ತು' ಅನ್ನಿ. ಬಾಯಿ ಹೇಳಿದ್ರೆ ಕೈ ಕೇಳುತ್ತೆ." ಗುರುವಾರ, ಶುಕ್ರವಾರ ಒಂದು ಬೋಲ್ಟೂ ಕೆಡಲಿಲ್ಲ.

ಶನಿವಾರ ಮಧ್ಯಾಹ್ನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬುತ್ತಿ ಒಯ್ದಾಗ ಪರೀಕ್ಷೆ ಮುಕ್ಕಾಲು ಮುಗಿದಿತ್ತು. ಬಾಗಿಲಲ್ಲೇ ನಿಂತೆ.

"ಎತ್ತು," ಅಂದರು. ಟೂಲು ಹಿಂದೆ ಬಂತು. ಮತ್ತೆ ಸಾಲು. "ಎತ್ತು."

ಪಕ್ಕದ ಬೆಂಚಿನಲ್ಲಿ ಅರ ಉಜ್ಜುತ್ತಿದ್ದ ಪ್ರಭುಸ್ವಾಮಿ ನಕ್ಕ. "ಏನ್ ಸಿದ್ದಣ್ಣ, ಲೇತ್‌ಗೂ ಎತ್ತು ಕಟ್ಬುಟ್ಯಾ? ಹೆಸ್ರೇನಣ್ಣ ನಿನ್ನೆತ್ತಿಗೆ?"

ನಾನು ಹೇಳಿಕೊಟ್ಟ ಮಾತು ಎಂಥದೆಂದು ನನಗೆ ಹೊಳೆದದ್ದು ಆಗಲೇ.

ಇವರು ತಲೆಯೆತ್ತದೆ, "ಬೆಳ್ಳ, ಕರಿಯ" ಅಂದರು.

ಪ್ರಭುಸ್ವಾಮಿ ಮತ್ತೆ ನಗಲಿಲ್ಲ. ಕೆಟ್ಟವನಲ್ಲ ಅವನು.

"ಇನ್ನೊಂದೇ ಕಣೋ, ಅಷ್ಟೇ ಸಾಕು," ಅಂದರು ಮೇಸ್ತ್ರಿ. ಟೂಲು ಹೊರಟಿತು. ಕೊನೆ ಬಂತು. ಇವರ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕೈ ಹಳೇ ಅಭ್ಯಾಸದಂತೆ ಹಿಮ್ಮುಖ ತಿರುಗಿಸಿತು. ಕಿರ್ರೆಂದು ಸದ್ದು; ಮಗು ಬೆಚ್ಚಿ ನನ್ನ ಸೆರಗು ಹಿಡಿಯಿತು.

ಮೇಸ್ತ್ರಿ ನಟ್ಟು ಹಾಕಿ ನೋಡಿದರು. ಮೂರು ಸುತ್ತು ಹತ್ತಿ ನಿಂತಿತು. "ಹೋಗ್ಲಿ ಬುಡು," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಹೊಸಬ ಬಂದ. ಇವರು ಮತ್ತೆ ಹೊರುತ್ತಿದ್ದಾರೆ, ಈಗ ಎಡಭುಜದ ಮೇಲೆ. ಆ ಬೋಲ್ಟನ್ನು ಮನೆಗೆ ತಂದಿದ್ದರು. ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದೇನೆ, ಅಷ್ಟಕ್ಕಾದರೂ ಆಯಿತು.

ಇವತ್ತು ಬೆಳಿಗ್ಗೆ ಮಗು ಅತ್ತಿತು. ನನ್ನ ಕೈಯೆಲ್ಲ ರಾಗಿಹಿಟ್ಟು. "ಮಗೂನ ಎತ್..." ಅಂದವಳು ತಡೆದುಕೊಂಡು, "ಮಗೂನ ಒಸಿ ತಗೊಳ್ರೀ" ಅಂದೆ.

ತಗೊಂಡರು. ಎರಡೂ ಭುಜ ಬಿಟ್ಟು, ಎದೆಗೆ.