ಖಾಲಿ ಬಿಡಬಹುದಾಗಿದ್ದ ಕಲಂ

ನನ್ನ ಬರವಣಿಗೆಯನ್ನು ಹೊಗಳಿದವರಲ್ಲಿ ಕೊನೆಯವರು ಒಬ್ಬ ವಕೀಲೆ. ಕೋರ್ಟಿನ ಹತ್ತಿರ ಮಹಡಿಯ ಮೇಲಿನ ಪುಟ್ಟ ಕೊಠಡಿಯಲ್ಲಿ ಕೂತು, ನಾನು ಪೊಲೀಸರಿಗೆ ಕೊಟ್ಟಿದ್ದ ದೂರಿನ ನಕಲನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು.

"ಇದನ್ನ ಬರ್ಕೊಟ್ಟೋರು ಯಾರು ಸಾರ್?"

"ನಾನೇ" ಎಂದೆ, ಸ್ವಲ್ಪ ನೆಟ್ಟಗೆ ಕೂತು.

"ಚೆನ್ನಾಗಿದೆ. ವಿಮಾ ಕಂಪನಿಯ ವಕೀಲರು ತಾವೇ ಕೂತು ಬರೆದಿದ್ರೂ ಕಂಪನಿಗೆ ಇಷ್ಟು ಅನುಕೂಲವಾಗಿ ಬರೀತಿರ್ಲಿಲ್ಲ."

ಆಕೆ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ದಟ್ಟಗಳ್ಳಿಯಲ್ಲಿ ನಮ್ಮದೊಂದು ಮನೆ. ಸಾಲ ತೆಗೆದು ಕಟ್ಟಿದಾಗ ಬ್ಯಾಂಕಿನವರೇ ಒತ್ತಾಯ ಮಾಡಿ ಮನೆಗೂ ಮನೆಯೊಳಗಿನ ಸಾಮಾನಿಗೂ ಸೇರಿಸಿ ವಿಮೆ ಮಾಡಿಸಿದ್ದರು. ಸಾಲ ತೀರಿದ ಮೇಲೂ ನಾನು ಅದರ ಕಂತನ್ನು ತಪ್ಪದೆ ಕಟ್ಟಿಕೊಂಡು ಬಂದೆ. ಒಂದು ದಿನ ನಾನೂ ಹೆಂಡತಿಯೂ ನಾದಿನಿಯ ಮನೆಯ ನಾಮಕರಣಕ್ಕೆಂದು ನಂಜನಗೂಡಿಗೆ ಹೋಗಿ ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಬಂದು ನೋಡಿದರೆ ಹಿತ್ತಲ ಕಡೆಯ ಬಚ್ಚಲುಮನೆಯ ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದ ತಟ್ಟೆಗಳ ಹಾಗೆ ಕಾಂಪೌಂಡಿಗೆ ಒರಗಿಸಿ ಜೋಡಿಸಿದ್ದರು. ಬೀರು ತೆರೆದಿತ್ತು. ಹೆಂಡತಿಗೆ ಅವಳ ತಾಯಿಯಿಂದ ಬಂದಿದ್ದ ಅವಲಕ್ಕಿ ಸರ, ಬಳೆಗಳು, ಬೆಳ್ಳಿ ದೀಪಗಳು ಯಾವುದೂ ಇರಲಿಲ್ಲ.

ಆ ಗಾಜುಗಳ ಅಚ್ಚುಕಟ್ಟು ನೋಡಿ ಇದು ಮನೆ ಗೊತ್ತಿದ್ದವರದೇ ಕೆಲಸ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಗಾಜು ಒಡೆದರೆ ಸದ್ದಾಗುತ್ತದೆ ಎನ್ನುವಷ್ಟು ಬುದ್ಧಿ ಯಾವ ಕಳ್ಳನಿಗಾದರೂ ಇರುತ್ತದೆ. ಅದು ನನಗೆ ಹೊಳೆಯಲಿಲ್ಲ.

ನಾನು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಒಂದೇ ಒಂದು ಕಲಂ ಖಾಲಿ ಇದ್ದರೂ ಅರ್ಜಿಯನ್ನು ಮೇಲಕ್ಕೆ ಕಳಿಸಿದವನಲ್ಲ. ಎಷ್ಟೋ ಜನರನ್ನು ಬೈದು, ತುಂಬಿಕೊಂಡು ಬನ್ನಿ ಎಂದು ವಾಪಸ್ ಅಟ್ಟಿದ್ದೇನೆ. ನಮ್ಮ ಬೀದಿಯ ಚರಂಡಿಗೆ, ಬೀದಿದೀಪಕ್ಕೆ, ಪಾರ್ಕಿನ ಬೇಲಿಗೆ ಅರ್ಜಿ ಬರೆಯುವುದು ಈಗಲೂ ನನ್ನದೇ ಕೆಲಸ. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಹಾಳೆ ಕೊಟ್ಟು, "ಯಾರ ಮೇಲಾದ್ರೂ ಅನುಮಾನ ಇದ್ರೆ ಬರೀರಿ ಸಾರ್, ಇಲ್ಲ ಅಂದ್ರೆ ಇಲ್ಲ ಅಂತ್ಲೇ ಬರೀರಿ" ಎಂದರು. ಇಲ್ಲ ಎಂದು ಬರೆಯುವುದು ನನ್ನ ಕೈಗೆ ಒಗ್ಗದ ಕೆಲಸ. ಏಳು ವರ್ಷದಿಂದ ನಮ್ಮ ಮನೆಯಲ್ಲೂ ಬೀದಿಯ ಇನ್ನು ಕೆಲವು ಮನೆಗಳಲ್ಲೂ ಕಸಮುಸುರೆ ಮಾಡಿಕೊಂಡಿದ್ದ ಹೆಂಗಸಿನ ಹೆಸರು ಬರೆದೆ. ಅಶೋಕಪುರಂ ವಿಳಾಸ ಬರೆದೆ. ನಾವು ಊರಿಗೆ ಹೋಗುವ ವಿಷಯ ತಿಳಿದಿದ್ದವಳು, ಮನೆಯ ಒಳಹೊರಗು ಬಲ್ಲವಳು, ಸದರಿಯವಳ ಕೈವಾಡವಿರುವ ಬಲವಾದ ಸಂಶಯವಿರುತ್ತದೆ ಎಂದು ಬರೆದೆ. 'ಬಲವಾದ' ಎಂಬುದನ್ನು ಆಮೇಲೆ ಸೇರಿಸಿದ್ದು. ಅದಿಲ್ಲದೆ ವಾಕ್ಯ ಸಪ್ಪೆ ಅನ್ನಿಸಿತ್ತು.

ಆ ಕೇರಿಯ ವಿಳಾಸ ಬರೆಯುವಾಗ ನನ್ನ ಕೈ ತಡೆಯಲಿಲ್ಲ. ನಮ್ಮ ಬೀದಿಯ ಯಾರದಾದರೂ ವಿಳಾಸವಾಗಿದ್ದರೆ ನಾಲ್ಕು ಸಲ ಯೋಚಿಸುತ್ತಿದ್ದೆ. ಇಷ್ಟನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಮಾರನೆಯ ದಿನ ವಿಮೆಯ ಅರ್ಜಿಯಲ್ಲೂ ಅನುಮಾನದ ಕಲಂ ಒಂದಿತ್ತು. ಅದರಲ್ಲೂ ಅದನ್ನೇ ತುಂಬಿದೆ. ಸಂಜೆ ಪಾರ್ಕಿನಲ್ಲಿ ವಾಕಿಂಗಿಗೆ ಬಂದವರಿಗೆಲ್ಲ ಹೇಳಿದೆ. ಪೊಲೀಸರು ಆಕೆಯನ್ನು ಕರೆಸಿ ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

ಆರನೆಯ ದಿನ ಅದೇ ಹೆಡ್ ಕಾನ್‌ಸ್ಟೇಬಲ್ ಫೋನ್ ಮಾಡಿದರು. ಕಳ್ಳತನವಾದ ರಾತ್ರಿ ಆಕೆ ಸೊಸೆಯ ಹೆರಿಗೆಗೆಂದು ದೊಡ್ಡಾಸ್ಪತ್ರೆಯಲ್ಲಿದ್ದರಂತೆ, ವಾರ್ಡಿನ ನರ್ಸಮ್ಮನನ್ನೇ ವಿಚಾರಿಸಿದರಂತೆ. "ಆಯಮ್ಮಂದೇನೂ ಇಲ್ಲ ಸಾರ್" ಎಂದರು. ನಾನು ಸರಿ ಎಂದು ಫೋನ್ ಇಟ್ಟೆ.

"ಹಂಗಾದ್ರೆ ಬೀದೀಲಿ ಹೇಳ್ಬುಡಿ, ಪಾಪ" ಎಂದಳು ಹೆಂಡತಿ.

"ಕಳ್ಳ ಸಿಕ್ಲಿ, ಒಟ್ಟಿಗೇ ಹೇಳೋಣ" ಎಂದೆ.

ಕಳ್ಳ ಸಿಗಲಿಲ್ಲ. ನಷ್ಟ ನೋಡಲು ಬಂದ ಸರ್ವೇಯರ್ ಕೆಲಸದವಳು ಈಗಲೂ ಬರುತ್ತಾಳೆಯೇ ಎಂದು ಕೇಳಿದಾಗ, ಬಿಡಿಸಿದ್ದೇವೆ ಎಂದು ದೊಡ್ಡ ಸಾಹಸ ಮಾಡಿದವನಂತೆ ಹೇಳಿದೆ. ಅದನ್ನೂ ಅವರು ಬರೆದುಕೊಂಡರು. ಕೆಲವು ತಿಂಗಳ ಮೇಲೆ ಕಂಪನಿಯಿಂದ ಪತ್ರ ಬಂತು. ಮನೆಯವರಾಗಲಿ ಮನೆಕೆಲಸದವರಾಗಲಿ ಶಾಮೀಲಾದ ಕಳ್ಳತನಕ್ಕೆ ಪಾಲಿಸಿಯಲ್ಲಿ ಪರಿಹಾರವಿಲ್ಲ, ಆದ್ದರಿಂದ ನಿಮ್ಮ ಕ್ಲೇಮನ್ನು ತಿರಸ್ಕರಿಸಲಾಗಿದೆ. ಆಧಾರವಾಗಿ ನನ್ನ ವಾಕ್ಯವನ್ನೇ ಎತ್ತಿ ಹಾಕಿದ್ದರು. ನನ್ನ ಬಲವಾದ ಸಂಶಯ ಇಂಗ್ಲಿಷಿನಲ್ಲಿ ಇನ್ನೂ ಬಲವಾಗಿ ಕಾಣುತ್ತಿತ್ತು. ನಾನು ಕಂಪನಿಯನ್ನು ಮನಸಾರೆ ಬೈದುಕೊಂಡು ವಕೀಲೆಯ ಹತ್ತಿರ ಓಡಿದೆ.

"ಸಂಶಯಕ್ಕೆ ಆಧಾರ ಏನಿತ್ತು ಸಾರ್?" ಎಂದು ಅವರು ಕೇಳಿದರು.

ಗಾಜಿನ ವಿಷಯ ಹೇಳಿದೆ. ಅವರು ಪೆನ್ನು ತೆಗೆದು, "ಇನ್ನೇನು?" ಎಂದರು.

"ಏನೂ ಇರಲಿಲ್ಲ" ಎಂದೆ.

"ಅದನ್ನೇ ಅಫಿಡವಿಟ್ ಮಾಡಿ ಕೊಡಿ. ಪೊಲೀಸರ ಅಂತಿಮ ವರದಿ ತರ್ಸೋಣ. ಆಯಮ್ಮನೂ ಒಂದು ಅಫಿಡವಿಟ್ ಕೊಟ್ರೆ ಗ್ರಾಹಕರ ಆಯೋಗದಲ್ಲಿ ನಮ್ಮ ಕೇಸು ನಿಲ್ಲುತ್ತೆ."

ಜೊತೆಗೆ ಬಾ ಎಂದು ಹೆಂಡತಿಯನ್ನು ಕರೆದೆ. "ಬರೆದೋರು ನೀವು, ಹೋಗೋರೂ ನೀವೇ" ಎಂದು ಒಳಗೆ ಹೋದಳು.

ಭಾನುವಾರ ಸ್ಕೂಟರಿನಲ್ಲಿ ಹೋದೆ. ಏಳು ವರ್ಷದಲ್ಲಿ ನಾನು ಆಕೆಯ ಮನೆಗೆ ಹೋದದ್ದು ಅದೇ ಮೊದಲು. ಆಕೆ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಕೂರಲಿಲ್ಲ.

"ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು" ಎಂದೆ.

"ಏನ್ ಸಾರ್, ಏಳು ವರ್ಸ ನೀನು ಅಂತಿದ್ರಿ. ಇವತ್ತು ನೀವು ಆಗ್ಬುಟ್ನಾ?"

ತಲೆತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ನಾನು ಕದ್ದಿಲ್ಲ ಅಂತ ನಾನು ಬರ್ಕೊಡ್ಬೇಕಾ, ನೀವು ಬರ್ಕೊಡ್ಬೇಕಾ?"

"ಇಬ್ಬರೂ."

"ಆಯ್ತು, ಬತ್ತೀನಿ. ಕೋರ್ಟಿಗೆ ಕಾಗ್ದ ಕೊಡಿ. ಆದ್ರೆ ನಿಮ್ ಬೀದೀಲಿ ಬಾಯಲ್ಲೇ ಹೇಳಿ ಸಾರ್. ಆ ಜನ ಏನು ಕೋರ್ಟ್ ಕಾಗ್ದ ಓದಾರಾ?"

ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ನೋಟರಿಯ ಮುಂದೆ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ವಕೀಲೆ ಮೊದಲು ನನ್ನ ಅಫಿಡವಿಟ್ಟನ್ನು ಗಟ್ಟಿಯಾಗಿ ಓದಿದರು. "ದೂರು ನೀಡಿದ ಆರನೆಯ ದಿನವೇ, ಸದರಿಯವರು ಅಂದು ಆಸ್ಪತ್ರೆಯಲ್ಲಿದ್ದರೆಂದು ಪೊಲೀಸರು ನನಗೆ ತಿಳಿಸಿರುತ್ತಾರೆ" ಎಂಬ ಸಾಲು ಬಂತು. ಕೇಸಿಗೆ ಬಲ ಬರುತ್ತದೆಂದು ನಾನೇ ಹೇಳಿ ಸೇರಿಸಿದ ಸಾಲು ಅದು. ಪಕ್ಕದಲ್ಲಿ ಆಕೆಯೂ ಕೂತು ಕೇಳುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

"ಆರನೇ ದಿನಾನೇ ಗೊತ್ತಾಗಿತ್ತಾ ಸಾರ್ ನಿಮ್ಗೆ?"

"ಹೌದು."

"ಮೂಲೆಮನೆ ಅಮ್ಮಾವ್ರು ನನ್ನ ಬುಡ್ಸಿದ್ದು ಅದಾದ್ ಮ್ಯಾಲೆ. ಎದ್ರುಮನೆಯೋರು ಇನ್ನೂ ಆಮ್ಯಾಲೆ."

ದನಿ ಏರಿಸಲಿಲ್ಲ. ಎಲ್ಲಿ ರುಜು ಹಾಕಬೇಕು ಎಂದು ವಕೀಲೆಯನ್ನು ಕೇಳಿ, ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆದರು. ಹಾಕುವುದಿಲ್ಲ ಹೋಗಿ ಎಂದು ಎದ್ದು ನಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇಷ್ಟಾದ ಮೇಲಾದರೂ ಅವತ್ತು ಸಂಜೆಯೇ ನಾಲ್ಕು ಮನೆಯ ಬಾಗಿಲು ತಟ್ಟಬೇಕಿತ್ತು. ನಾನು ತಟ್ಟಲಿಲ್ಲ. ಕೇಸು ಮುಗಿಯಲಿ, ಆದೇಶದ ಪ್ರತಿ ಕೈಗೆ ಬರಲಿ, ಅದನ್ನು ತೋರಿಸಿಯೇ ಹೇಳಿದರೆ ಮಾತಿಗೆ ತೂಕ ಎಂದು ನನಗೆ ನಾನೇ ಸಮಜಾಯಿಷಿ ಬರೆದುಕೊಂಡೆ. ನಿಜ ಏನೆಂದರೆ, ಮತ್ತೆ ಯಾಕೆ ಸಾರ್ ದೂರಿನಲ್ಲಿ ಹೆಸರು ಬರೆದಿರಿ ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಒಂದಾದ ಮೇಲೊಂದು ವಾಯಿದೆ ಹೋಗಿ, ವರ್ಷದ ಮೇಲೆ ಆರು ತಿಂಗಳು ಕಳೆಯಿತು. ಕೊನೆಗೆ ಆಯೋಗ ನಮ್ಮ ಪರವಾಗಿ ಆದೇಶ ಕೊಟ್ಟಿತು. ಬರೀ ಸಂಶಯವನ್ನು ಸಾಕ್ಷ್ಯವೆಂದು ಹಿಡಿಯಲಾಗದು, ಮನೆಕೆಲಸದವರ ಪಾತ್ರಕ್ಕೆ ಯಾವ ಆಧಾರವೂ ಇಲ್ಲ, ಕಂಪನಿ ಪರಿಹಾರ ಕೊಡತಕ್ಕದ್ದು ಎಂದಿತ್ತು. ವಕೀಲೆ ಅಭಿನಂದನೆ ಹೇಳಿದರು.

ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮೂಲೆಮನೆಗೆ ಹೋದೆ. ಆ ಮನೆಯಾಕೆ ಕಾಫಿ ತಂದಿಟ್ಟರು. ನಾನು ಪೀಠಿಕೆ ಹಾಕುತ್ತಿದ್ದಂತೆಯೇ ನಕ್ಕುಬಿಟ್ಟರು.

"ಅಯ್ಯೋ, ಅದನ್ನ ನಾವು ಒಂದಿನಾನೂ ನಂಬಿರ್ಲಿಲ್ಲ ಬಿಡಿ ಸಾರ್. ನಮ್ಮನೆ ಬೀರು ಬೀಗದ ಕೈ ಕಣ್ಣೆದುರಿಗೇ ಬಿದ್ದಿದ್ರೂ ಮುಟ್ಟಿದೋಳಲ್ಲ ಆಯಮ್ಮ."

"ಮತ್ತೆ ಬಿಡಿಸಿದ್ದು?"

"ನೀವು ಪೊಲೀಸ್ ಕಂಪ್ಲೇಂಟ್ ಕೊಟ್ಟೋರನ್ನ ನಾವು ಇಟ್ಕೊಂಡ್ರೆ ನಿಮಗೆ ಬೇಜಾರಾಗಲ್ವಾ? ಬೀದೀಗೆಲ್ಲ ಹಿರಿಯರು ಕಣ್ರೀ ನೀವು."

ಎದುರುಮನೆಯವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಕವರಿನಿಂದ ಆದೇಶ ತೆಗೆಯುವ ಪ್ರಮೇಯವೇ ಬರಲಿಲ್ಲ. ನಾನು ಬೀದಿಯನ್ನೆಲ್ಲ ನಂಬಿಸಿಬಿಟ್ಟಿದ್ದೇನೆ ಎಂದು ಇಷ್ಟು ದಿನ ಕೊರಗಿದ್ದೆ. ಒಬ್ಬರೂ ನಂಬಿರಲಿಲ್ಲ.

ಮನೆಗೆ ಬಂದು ಆಕೆಗೆ ಫೋನ್ ಮಾಡಿದೆ. ಈಗ ಆಕೆ ಎರಡು ಬಸ್ಸು ಹತ್ತಿ ಗೋಕುಲಂಗೆ ಹೋಗಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಆದೇಶದ ವಿಷಯ ಹೇಳಿ, ಬೀದಿಯಲ್ಲೂ ಎಲ್ಲರಿಗೂ ಹೇಳಿ ಬಂದೆ ಎಂದೆ.

"ಏನಂದ್ರು ಸಾರ್?"

ಸುಳ್ಳು ಹೇಳಬಹುದಿತ್ತು. ಪಶ್ಚಾತ್ತಾಪ ಪಟ್ಟರು ಎಂದಿದ್ದರೆ ಆಕೆಗೂ ಸಮಾಧಾನ, ನನಗೂ ಸಮಾಧಾನ.

"ಅವರು ಯಾರೂ ಅದನ್ನ ನಂಬೇ ಇರ್ಲಿಲ್ವಂತೆ."

ಪಾತ್ರೆಯ ಸದ್ದು ನಿಂತಿತು.

"ನಂಬಿರ್ನಿಲ್ಲ ಅಂದ್ಮ್ಯಾಲೆ ನನ್ನ ಯಾಕ್ ಬುಡ್ಸಿದ್ರು?"

"ನನಗೆ ಬೇಜಾರಾಗುತ್ತೆ ಅಂತ" ಎಂದೆ.