ಪುಟ್ಟರಾಜುವಿನ ಎರಡು ನೋಟ್‌ಬುಕ್ಕು

ಹಳೇಬೀಡಿನ ಪೋಸ್ಟ್‌ಮ್ಯಾನ್ ಪುಟ್ಟರಾಜುವಿಗೆ ಹಳೆಯ ವಾಲ್ವ್ ರೇಡಿಯೊ ಸಿಕ್ಕಿದರೆ ಊಟ ನಿದ್ದೆ ಬೇಡ. ಅಂಥದೇ ಹುಚ್ಚಿನವರು ಮಾತಾಡಿಕೊಳ್ಳುವ ತಾಣವೊಂದು ಇಂಟರ್‌ನೆಟ್ಟಿನಲ್ಲಿತ್ತು. ಆರು ವರ್ಷ, ಭಾನುವಾರ ತಪ್ಪದೆ ಬಸ್ಸು ಹತ್ತಿ ಬೇಲೂರಿನ ಸೈಬರ್ ಸೆಂಟರಿಗೆ ಹೋಗಿ, ಒಂದೊಂದೇ ಅಕ್ಷರ ಕುಟ್ಟಿ ಅವರೊಂದಿಗೆ, ಅದರಲ್ಲೂ ಧಾರವಾಡದ ಮೇಷ್ಟರೊಬ್ಬರೊಂದಿಗೆ, ಹರಟಿದ. 2008ರಲ್ಲಿ ತಾಣ ಮುಚ್ಚುವ ಸುದ್ದಿ ಬಂತು. ಉಳಿದವರು ಗೋಳಾಡಿದರು, ಒಬ್ಬಿಬ್ಬರು ನಡೆಸುವವರನ್ನು ಬೈದರು. ಪುಟ್ಟರಾಜು ಮೂರು ಭಾನುವಾರ ಕೂತು, ತಾಣದ ಗೆಳೆಯರು ಹೇಳಿಕೊಟ್ಟ ರಿಪೇರಿ ವಿದ್ಯೆಯನ್ನೆಲ್ಲ ಎರಡು ನೋಟ್‌ಬುಕ್ಕಿಗೆ ಇಳಿಸಿಕೊಂಡ. ತಾನೊಬ್ಬನೇ ಜಾಣ ಎಂದುಕೊಂಡ. ನಾಲ್ಕನೆಯ ಭಾನುವಾರ ತಾಣ ತೆರೆಯಲಿಲ್ಲ.

ತಿಂಗಳು ಕಳೆದ ಮೇಲೆ, ಆ ಬರಹ ನೋಡಿಕೊಂಡೇ, ವರ್ಷಗಳಿಂದ ಮೂಕವಾಗಿದ್ದ ಮಾವನ ರೇಡಿಯೊ ಹಾಡಿಸಿದ. ಹೆಂಡತಿ ಮಾಲಿನಿ ಹಿಗ್ಗಿದಳು. "ಇದನ್ನ ಹೇಳ್ಕೊಟ್ಟಿದ್ದು ಆ ಧಾರವಾಡದ ಮೇಷ್ಟ್ರಲ್ವಾ? ಅವ್ರಿಗೊಂದು ಕಾಗ್ದ ಹಾಕ್ರೀ."

ಪುಟ್ಟರಾಜು ನೋಟ್‌ಬುಕ್ ತಿರುವಿದ. ಕೆಪಾಸಿಟರ್ ಬದಲಿಸುವ ಕ್ರಮವಿತ್ತು; ವಿಳಾಸವಿರಲಿ, ಮೇಷ್ಟರ ಹೆಸರೂ ಇರಲಿಲ್ಲ. ಹಿಂದೊಮ್ಮೆ ತಾಣದಲ್ಲಿ ಅವರೇ ವಿಳಾಸ ಕೊಡಲು ಮುಂದಾದಾಗ, "ಯಾಕೆ ಸಾರ್, ವಾರವಾರ ಇಲ್ಲೇ ಸಿಗ್ತೀರಲ್ಲ," ಎಂದು ಬರೆದಿದ್ದ.

ಇಪ್ಪತ್ತು ವರ್ಷ ಊರವರೆಲ್ಲರ ವಿಳಾಸ ಓದಿ ಕಾಗದ ಮುಟ್ಟಿಸಿದವನು, "ಅಡ್ರೆಸ್ಸೇ ಇಸ್ಕೊಳ್ಲಿಲ್ಲ ಕಣೇ," ಎಂದು ಹಾಡುತ್ತಿದ್ದ ರೇಡಿಯೊ ಆರಿಸಿದ.